ಬುಡ ಕೆಳಗೆ, ತುದಿ ಮೇಲೆ

ಮೊದಲ ಏಟು ಪಾಲಿಶ್ ಮಾಮನ ಮೂಗಿಗೆ ಬಿತ್ತು. ಎರಡನೆಯದು, ಅಡ್ಡ ಬಂದ ಇನ್ಸ್‌ಪೆಕ್ಟರಮ್ಮನ ಮೊಣಕೈಗೆ.

ಎರಡನೆಯ ಏಟು ಅವಳಿಗೆಂದು ಎತ್ತಿದ್ದಲ್ಲ, ನಿಜ. ಆದರೆ ಮೊಣಕೈಗೆ ಅದೆಲ್ಲ ಗೊತ್ತಾಗುವುದಿಲ್ಲ. ಕಿರುಬೆರಳಿನ ತನಕ ಝುಂ ಎಂದಿತು. ಬಾಯಿಗೆ ಬಂದ ಬೈಗುಳವನ್ನು ಮೈಮೇಲಿನ ಸಮವಸ್ತ್ರದ ಮರ್ಯಾದೆಗಾಗಿ ಅರ್ಧಕ್ಕೇ ನುಂಗಿಕೊಂಡಳು.

"ಬಿಡ್ರೀ ಅದನ್ನ! ಕೈಯಲ್ಲಿರೋದು ಕೆಳಗೆ ಹಾಕಿ ಅಂದೆ!"

ಅಳಿಯ ಹಾಕಲಿಲ್ಲ. ಬಿಲಿಯರ್ಡ್ಸ್ ಕೋಲುಗಳ ಅಂಗಡಿಯ ಮುಂಭಾಗದಲ್ಲಿ ನಿಂತು ಗಿರಾಕಿಗಳ ಜತೆ ಬೆಣ್ಣೆ ಸವರಿದ ಹಾಗೆ ಮಾತಾಡುವ ಮನುಷ್ಯ. ಇಸ್ತ್ರಿ ಮುರಿದ ಅಂಗಿಯಲ್ಲಿ ಅವನನ್ನು ಕಂಡವರಿಲ್ಲ. ಈಗ ಅದೇ ಅಂಗಿಯ ಎರಡು ಗುಂಡಿ ಕಿತ್ತುಹೋಗಿದ್ದವು. ಬಿಲಿಯರ್ಡ್ಸ್ ಕೋಲೊಂದನ್ನು ಎರಡೂ ಕೈಯಲ್ಲಿ ಬಿಗಿಹಿಡಿದು ಮೂರನೆಯ ಏಟಿಗೆ ಎತ್ತಿದ್ದ.

"ಇವನೇ ಮೇಡಂ! ನಮ್ಮ ಮಾವನ ತಲೆ ಒಡೆದವನು ಇವನೇ! ಮೂವತ್ನಾಲ್ಕು ವರ್ಷ ಈ ಮನೆ ಅನ್ನ ತಿಂದವನು!"

ಮೂರನೆಯ ಏಟು ಬೀಳುವ ಮೊದಲೇ ಹಿಂದಿನಿಂದ ಎರಡು ದಪ್ಪ ತೋಳುಗಳು ಬಂದು ಅವನನ್ನು ಅನಾಮತ್ತಾಗಿ ಎತ್ತಿದವು. ಅದು ಮೀಸೆ, ಅಂದರೆ ಹೆಡ್ ಕಾನ್‌ಸ್ಟೆಬಲ್. ಮೀಸೆ ಬೋಳಿಸಿ ಹತ್ತು ವರ್ಷವಾಗಿತ್ತು, ಹೆಸರು ಮಾತ್ರ ಹಾಗೇ ಉಳಿದಿತ್ತು. ಅಳಿಯ ಕಾಲು ಝಾಡಿಸಿದ, ಮೀಸೆಯ ಮೊಣಕಾಲಿಗೆ ಒದ್ದ, ಕೆಲಸದ ಕಟ್ಟೆಯ ಮೇಲಿನ ಉಳಿಗಳನ್ನು ಚೆಲ್ಲಾಡಿದ. ಕೊನೆಗೆ ಅವನ ಮುಖ ಗೋಡೆಗೆ ಒತ್ತಿದಾಗ ಕೋಲು ಕೈತಪ್ಪಿ ನೆಲಕ್ಕೆ ಬಿದ್ದು ಉರುಳಿತು.

ಮೂರು ದಿನದ ಹಿಂದೆ ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋಗಿದ್ದ ಹೊತ್ತಿನಲ್ಲಿ, ಇದೇ ಕಾರ್ಖಾನೆ ಕೋಣೆಯಲ್ಲಿ, ಇದೇ ಕಟ್ಟೆಯ ಪಕ್ಕ, ಅಳಿಯನ ಮಾವ ದೊಡ್ಡ ಮೇಸ್ತ್ರಿ ತಲೆ ಒಡೆದು ಬಿದ್ದಿದ್ದರು. ಇವತ್ತಿಗೂ ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟಿರಲಿಲ್ಲ.

ಬಿಡುತ್ತಾರೆ ಎಂದು ಡಾಕ್ಟರು ನಿನ್ನೆ ಸಂಜೆ ಹೇಳಿದ್ದರು. ಇವತ್ತೋ ನಾಳೆಯೋ ಎಂದಿದ್ದರು. ಆ ಮಾತು ಈ ಮನೆಯವರೆಲ್ಲರ ಕಿವಿಗೆ ಬಿದ್ದಿತ್ತು. ಮೇಸ್ತ್ರಿ ಬಾಯಿ ಬಿಟ್ಟರೆ ಹೊಡೆದವರ ಹೆಸರು ಹೊರಗೆ ಬರುತ್ತದೆ. ಬಾರದಂತೆ ಮಾಡಲು ಹೊಡೆದವರು ಇನ್ನೊಂದು ಸಲ ಕೈ ಎತ್ತುತ್ತಾರೆ. ಇನ್ಸ್‌ಪೆಕ್ಟರಮ್ಮನಿಗೆ ರಾತ್ರಿಯೆಲ್ಲ ನಿದ್ದೆ ಕೆಡಿಸಿದ್ದು ಇದೊಂದೇ ಯೋಚನೆ.

ಅದಕ್ಕೇ ಮೀಸೆಯನ್ನು ಆಸ್ಪತ್ರೆಯ ಬಾಗಿಲಲ್ಲಿ ಕೂರಿಸಿದ್ದಳು. ಬೆಳಿಗ್ಗೆ ಇಲ್ಲಿ ಹೊಡೆದಾಟ ಎಂದು ಪಕ್ಕದಂಗಡಿಯವರು ಫೋನ್ ಮಾಡಿದಾಗ ಅವನನ್ನೇ ಕರೆಸಿಕೊಂಡಳು. ಅಳಿಯನ ಹೆಂಡತಿ, ಮೇಸ್ತ್ರಿಯ ಮಗಳು ಇದ್ದಾಳಲ್ಲ ಅಪ್ಪನ ಹತ್ತಿರ, ಒಂದು ಗಂಟೆಗೇನು ಎಂದುಕೊಂಡಳು.

"ಏನ್ರೀ ಸಾಕ್ಷಿ?" ಅಳಿಯನನ್ನು ಕೇಳಿದಳು.

ಗೋಡೆಗೆ ಒತ್ತಿದ ಮುಖದಿಂದಲೇ ಅವನು ಅರಚಿದ. "ಅವನ ಬೀರು ತೆಗೆದು ನೋಡಿ! ಹಳೇ ಕಾಲದ ಕಂಪನಿ ಬಿಲ್ಲೆಗಳು, ಕಾಡಿಗೆ, ಎಣ್ಣೆ, ಚಹಾದ ಕಷಾಯ! ಹೊಸ ಕೋಲಿಗೆ ನೂರು ವರ್ಷದ ಮುದಿತನ ಬಳಿತಾನೆ ಮೇಡಂ! ನಾನು ಮುಂದೆ ಕೂತು ಅಸಲಿ ಅಂತ ಆಣೆ ಇಟ್ಟು ಮಾರ್ತಿದ್ದೆ! ಮಾವನಿಗೆ ಗೊತ್ತಾಗಿದೆ, ಅದಕ್ಕೇ ಹೊಡೆದಿದ್ದಾನೆ!"

ಪಾಲಿಶ್ ಮಾಮ ಕೋಲುಗಳಿಗೆ ಪಾಲಿಶ್ ಹಚ್ಚುವವನು. ಅರವತ್ತು ದಾಟಿದ ಒಣಕಲು ಮೈ, ಉಗುರಿನ ಸಂದುಗಳಲ್ಲಿ ಅರಗಿನ ಬಣ್ಣ. ಮೂಗಿನಿಂದ ರಕ್ತ ಧಾರಾಳವಾಗಿ ಇಳಿದು ಗಲ್ಲದಿಂದ ತೊಟ್ಟಿಕ್ಕುತ್ತಿತ್ತು. ಅದನ್ನು ಒರೆಸಿಕೊಳ್ಳದೆ ಅವನು ಬಗ್ಗಿದ. ನೆಲದ ಮೇಲಿನ ಕೋಲನ್ನು ಎತ್ತಿಕೊಂಡ. ಒಂದು ಕಣ್ಣು ಮುಚ್ಚಿ ಅದರುದ್ದಕ್ಕೂ ನೋಡಿ ಸೊಟ್ಟಗಾಗಿಲ್ಲವೆಂದು ಖಾತ್ರಿ ಮಾಡಿಕೊಂಡ. ಗೋಡೆಗೆ ಬಡಿದ ಮರದ ಪಟ್ಟಿಯಲ್ಲಿ ಗೇಣಿಗೊಂದರಂತೆ ಚರ್ಮದ ಕುಣಿಕೆಗಳು ಇಳಿಬಿದ್ದಿದ್ದವು. ಖಾಲಿ ಕುಣಿಕೆಯೊಂದಕ್ಕೆ ಕೋಲನ್ನು ತೂರಿಸಿ, ಬಿಗಿದು, ತೂಗುಹಾಕಿದ.

ಆಮೇಲೆ ಅಂಗಿಯ ತೋಳಿನಿಂದ ಮೂಗು ಒರೆಸಿಕೊಂಡ.

ಇನ್ಸ್‌ಪೆಕ್ಟರಮ್ಮ ಮೊಣಕೈ ತಿಕ್ಕುವುದನ್ನು ನಿಲ್ಲಿಸಿದಳು.

"ರಕ್ತ ಸುರೀತಿದೆ. ನೀವು ಕೋಲು ನೇತುಹಾಕ್ತಿದ್ದೀರಲ್ಲ ಮಾಮ?"

"ನೆಲದ ಮೇಲೆ ಬಿಡೋಕಾಗತ್ತಾ ಮೇಡಂ? ಥಂಡಿ ಕುಡಿದು ಮರ ಬಾಗತ್ತೆ."

ಎಷ್ಟು ಸಹಜವಾಗಿ ಹೇಳಿದ! ಅವಳ ತಲೆಯಲ್ಲಿ ಮೂರು ದಿನದಿಂದ ಜಾಮ್ ಆಗಿದ್ದ ಬಾಗಿಲೊಂದು ಸರಕ್ಕನೆ ತೆರೆದುಕೊಂಡಿತು.

ಮೇಸ್ತ್ರಿಗೆ ಹೊಡೆದ ಕೋಲು ಸಿಕ್ಕಿದ್ದೂ ಹೀಗೆಯೇ, ಇದೇ ಗೋಡೆಯಲ್ಲಿ ಇತರ ಕೋಲುಗಳ ನಡುವೆ ನೇತಾಡುತ್ತ. ಅದರ ಬುಡದಿಂದ ರಕ್ತ ಇಳಿದು, ನೆಲದಲ್ಲಿ ಒಂದೇ ಕಡೆ ಹನಿ ಹನಿಯಾಗಿ ಕಾಸಿನಗಲಕ್ಕೆ ಹೆಪ್ಪುಗಟ್ಟಿತ್ತು. ಸಾಲಿನಲ್ಲಿ ಬಚ್ಚಿಟ್ಟಿದ್ದಾರೆ, ಎಷ್ಟು ಜಾಣರಪ್ಪ ಎಂದುಕೊಂಡಿದ್ದಳು. ಬಚ್ಚಿಡುವವರು ರಕ್ತ ಒರೆಸುತ್ತಿದ್ದರು. ಇದು ಜಾಣತನವಲ್ಲ, ರೂಢಿ. ಒಬ್ಬ ಮನುಷ್ಯನ ತಲೆ ಒಡೆದ ಕೈಗೆ ಕೋಲನ್ನು ನೆಲಕ್ಕೆ ಬಿಸಾಡಲು ಮನಸ್ಸು ಬಂದಿರಲಿಲ್ಲ.

ಬೆರಳಚ್ಚುಗಳಿಂದ ಏನೂ ಸಿಕ್ಕಿರಲಿಲ್ಲ. ಮನೆಯವರೆಲ್ಲ ದಿನಾ ಮುಟ್ಟುವ ಕೋಲಿನ ಮೇಲೆ ಮನೆಯವರೆಲ್ಲರ ಬೆರಳೂ ಇದ್ದವು. ಇದು ಬೆರಳಿಗಿಂತ ಗಟ್ಟಿ.

ಅಳಿಯನನ್ನು ಬಿಡುವಂತೆ ಮೀಸೆಗೆ ಸನ್ನೆ ಮಾಡಿದಳು. ಕಟ್ಟೆಯ ಮೇಲಿಂದ ಇನ್ನೊಂದು ಕೋಲನ್ನೆತ್ತಿ ಅಳಿಯನ ಕೈಗೆ ಕೊಟ್ಟಳು.

"ಸ್ವಲ್ಪ ಹಿಡ್ಕೊಂಡಿರಿ."

ಅವನು ಪೆಚ್ಚಾಗಿ ಹಿಡಿದುಕೊಂಡ. ಎರಡು ಕ್ಷಣ ಬಿಟ್ಟು ಮುಖದ ಬೆವರು ಒರೆಸಬೇಕೆನಿಸಿತು. ಕೋಲನ್ನು ಗೋಡೆಗೆ ಒರಗಿಸಿ ಜೇಬಿನಿಂದ ಕರವಸ್ತ್ರ ತೆಗೆದ.

"ಗೋಡೆಗೆ ಒರಗಿಸಬೇಡಿ ಅಂತ ಹನ್ನೊಂದು ವರ್ಷದಿಂದ ಬಾಯಿ ಬಡ್ಕೋತಿದೀವಿ!" ಪಾಲಿಶ್ ಮಾಮ ಚೀರಿದ. ಮೂಗು ಮುರಿದಾಗ ಬಾರದ ಕೋಪ ಈಗ ಬಂದಿತ್ತು. "ಬೆನ್ನು ಬಾಗತ್ತೆ ಅದರದು! ನೀವು ಕೊನೇವರೆಗೂ ಅಂಗಡಿಯವರೇ!"

ಇನ್ಸ್‌ಪೆಕ್ಟರಮ್ಮನಿಗೆ ನಗು ಬಂತು. ನಗಬಾರದ ಜಾಗ ಎಂದು ತಡೆದುಕೊಂಡಳು. ಅಳಿಯನನ್ನು ಮುಂದಿನ ಅಂಗಡಿಗೆ ಕಳಿಸಿ, ಸುಮ್ಮನೆ ಕೂರಲು ಹೇಳಿದಳು. ಅವನು ಒರಟ ಇರಬಹುದು, ಅವಸರದವನಿರಬಹುದು. ಆದರೆ ಮಾವನ ತಲೆ ಒಡೆದು ಕೋಲನ್ನು ಜೋಪಾನವಾಗಿ ನೇತುಹಾಕುವ ಜಾತಿಯಲ್ಲ.

ಉಳಿದವರು ಯಾರು? ಎದುರಿಗೆ ನಿಂತಿದ್ದ ಮುದುಕ.

ಈ ಮುದುಕ ಅವಳಿಗೆ ಇಷ್ಟವಾಗಿದ್ದ.

ಕೋಣೆಯಲ್ಲಿ ಮರದ ಹೊಟ್ಟಿನ ವಾಸನೆ. ಮೂಲೆಯ ಒಲೆಯ ಮೇಲೆ ಮುದುಕ ಬೆಳಿಗ್ಗೆ ಇಟ್ಟಿದ್ದ ಅಂಟಿನ ಪಾತ್ರೆ ಗುಳುಗುಳು ಕುದಿಯುತ್ತಿತ್ತು. ಅದು ಚರ್ಮ ಬೇಯಿಸಿ ಮಾಡಿದ ಅಂಟು, ನಾತ ಮೂಗಿಗೆ ರಪ್ಪೆಂದು ಹೊಡೆಯುತ್ತಿತ್ತು. ಕಟ್ಟೆಯ ಇಕ್ಕಳದಲ್ಲಿ ಅರ್ಧ ಬಿಚ್ಚಿದ ಕೋಲೊಂದು ಮೂರು ದಿನದಿಂದ ಹಾಗೇ ಇತ್ತು. ಪೊಲೀಸರು ಮುಟ್ಟಬೇಡಿ ಎಂದಿದ್ದರು. ಮೇಸ್ತ್ರಿ ಬೀಳುವ ಮೊದಲು ಮಾಡುತ್ತಿದ್ದ ಕೊನೆಯ ಕೆಲಸ ಅದು.

"ಇದೇನು ಅಂತ ಹೇಳಿ ಮಾಮ. ನನಗೆ ತಲೆಬುಡ ಗೊತ್ತಾಗಲ್ಲ."

ಮುದುಕ ಹತ್ತಿರ ಬಂದ. ಮಾತಾಡಲು ಹೆದರಿದ್ದವನು ಮರ ಕಂಡರೆ ತಡೆಯಲಾರ.

"ಮೇಲಿನ ಉದ್ದದ್ದು ಬಿಳಿಮರ. ಬುಡದ್ದು ಕರಿಮರ, ಕಬ್ಬಿಣದ ಹಾಗೆ ಭಾರ. ಎರಡನ್ನೂ ಮೊಳೆ ಹೊಡೆದು ಸೇರಿಸೋದಲ್ಲ. ಬಿಳಿಮರವನ್ನ ನಾಲ್ಕು ಕಡೆ ಓರೆಯಾಗಿ ಕೀಸಿ, ಒಂದೊಂದು ಕಡೆಗೂ ಕರಿಮರದ ಹಲಗೆ ಕೂಡಿಸೋದು. ದುಂಡಗೆ ಮಾಡಿದ ಮೇಲೆ ನೋಡಿ, ನಾಲ್ಕು ಕರಿ ನಾಲಿಗೆ ಬಿಳಿ ಮರದ ಮೇಲೆ ಹತ್ತಿ ಹೋಗತ್ತೆ. ಕೂದಲು ತೂರೋ ಸಂದಿಯೂ ಇರಬಾರದು. ಕೈಯಲ್ಲೇ ಆಗಬೇಕು. ಅದಕ್ಕೇ ಒಂದು ನಾಲಿಗೆ ಇನ್ನೊಂದರ ಹಾಗೆ ಇರಲ್ಲ."

"ಬಿಚ್ಚಿದ್ದು ಯಾಕೆ?"

"ಇದು ನೂರು ವರ್ಷದ ಕೋಲು ಅಂತ ಒಬ್ಬರು ಸಂಗ್ರಹ ಮಾಡೋರು ತಂದುಕೊಟ್ಟಿದ್ರು, ತುದಿಯ ಚರ್ಮ ಬದಲಾಯಿಸೋಕೆ. ಮೇಸ್ತ್ರಿಗೆ ಅನುಮಾನ ಬಂತು. ಆವಿ ಹಿಡಿದ್ರು. ಹಳೇ ಅಂಟಾದ್ರೆ ಆವಿಗೆ ಕರಗಿ ನಾಲಿಗೆ ಸಲೀಸಾಗಿ ಬಿಟ್ಕೊಳ್ಳತ್ತೆ. ಇದು ಬಿಡಲಿಲ್ಲ. ಉಳಿ ಹಾಕಿ ಎಬ್ಬಿಸಿದ್ರು, ಮರವೇ ಹರಿದು ಬಂತು." ಮುದುಕ ಹರಿದ ಎಳೆಗಳ ಮೇಲೆ ಬೆರಳಾಡಿಸಿದ. "ಒಳಗಿರೋದು ಈಗಿನ ಅಂಟು. ಕೋಲು ಹುಟ್ಟಿ ಎರಡು ವರ್ಷವೂ ಆಗಿಲ್ಲ."

"ಮುದಿತನ ಬಳಿದಿದ್ದು ನೀವು."

ಪಾಲಿಶ್ ಮಾಮ ಗೋಡೆ ಗಡಿಯಾರದ ಕಡೆ ಒಮ್ಮೆ ನೋಡಿದ. ಹನ್ನೊಂದು ಕಾಲು.

"ಹೂಂ. ನಾನೇ. ಮೇಸ್ತ್ರಿನ ಹೊಡೆದಿದ್ದೂ ನಾನೇ. ಕೈಗೆ ಬೇಡಿ ಹಾಕಿ ಮೇಡಂ, ನಡೀರಿ ಹೋಗೋಣ."

ಮೀಸೆ ಸೊಂಟದ ಬೇಡಿಗೆ ಕೈ ಹಾಕಿದ. ಇನ್ಸ್‌ಪೆಕ್ಟರಮ್ಮ ಬೇಡ ಎಂದು ತಲೆಯಾಡಿಸಿದಳು. ಹದಿನೆಂಟು ವರ್ಷದ ಕೆಲಸದಲ್ಲಿ ಅವಳು ತಪ್ಪೊಪ್ಪಿಗೆಗಳನ್ನು ಕೇಳಿದ್ದಳು. ಬೆವರಿಳಿಸಿ ಹೇಳಿಸಿದ್ದಳು, ಅಳುತ್ತ ಹೇಳಿದವರನ್ನು ಕಂಡಿದ್ದಳು. ಗಡಿಯಾರ ನೋಡಿ ಒಪ್ಪಿಕೊಂಡವರನ್ನು ಕಂಡಿರಲಿಲ್ಲ.

"ಹೇಗೆ ಹೊಡೆದ್ರಿ? ತೋರಿಸಿ."

"ತೋರಿಸೋದಾ?"

"ಮೇಸ್ತ್ರಿ ಎಲ್ಲಿದ್ರು, ನೀವೆಲ್ಲಿದ್ರಿ. ಆವತ್ತು ಮಾಡಿದ ಹಾಗೇ ಮಾಡಿ."

ಮೀಸೆ ಮರದ ಹೊಟ್ಟಿನ ಚೀಲವನ್ನು ಎಳೆದು ತಂದು ಕಟ್ಟೆಯ ಪಕ್ಕ ನಿಲ್ಲಿಸಿದ. ಪಾಲಿಶ್ ಮಾಮ ಗೋಡೆಯಿಂದ ಒಂದು ಕೋಲು ತೆಗೆದುಕೊಂಡ. ತೆಳ್ಳನೆಯ ತುದಿಯನ್ನು ಹಿಡಿದು, ಭಾರದ ಬುಡವನ್ನು ಎತ್ತಿ, ನಿಂತ.

ಮೊದಲ ಏಟು ಹಗುರವಾಗಿ ಬಿತ್ತು. ಎರಡನೆಯದು ಹಾಗಲ್ಲ. ಮೂರನೆಯದಕ್ಕೆ ಚೀಲ ಹರಿದು ಹೊಟ್ಟು ಚಿಮ್ಮಿತು. ಅವನು ನಿಲ್ಲಿಸಲಿಲ್ಲ. ಹಲ್ಲು ಕಚ್ಚಿ, ಮೂಗಿನ ರಕ್ತ ಹಾರಿಸುತ್ತ, ನಾಲ್ಕು, ಐದು, ಆರು ಎಂದು ಬಡಿದ. ಇಷ್ಟು ವರ್ಷದಲ್ಲಿ ಯಾರ ಮೇಲೂ ತೋರಿಸದ ಸಿಟ್ಟೆಲ್ಲ ಆ ಚೀಲಕ್ಕೆ ಬಿತ್ತು. ಮೀಸೆ ಒಂದು ಹೆಜ್ಜೆ ಹಿಂದೆ ಸರಿದ. ಆ ಒಣಕಲು ತೋಳುಗಳಲ್ಲಿ ಇಂಥ ಬಲವಿದೆಯೆಂದು ಯಾರೂ ಅಂದುಕೊಳ್ಳುತ್ತಿರಲಿಲ್ಲ.

"ಸಾಕು!" ಎಂದಳು.

ಅವನು ಏದುಸಿರು ಬಿಡುತ್ತ ನಿಂತ.

"ಆಮೇಲೆ?"

"ಆಮೇಲೆ ಏನು, ಕೋಲು ಹಾಕಿ ಹೊರಟುಹೋದೆ."

"ಹಾಕಿ."

ಅವನು ಗೋಡೆಯ ಹತ್ತಿರ ಹೋದ. ಯೋಚಿಸಲಿಲ್ಲ. ಕೈ ತನ್ನಷ್ಟಕ್ಕೆ ಕೋಲನ್ನು ತಿರುಗಿಸಿತು, ಕುಣಿಕೆಗೆ ತೂರಿಸಿತು, ಎಳೆದು ಬಿಗಿಯಿತು. ಕೋಲು ನೇತಾಡಿತು. ಕರಿಮರದ ದಪ್ಪ ಬುಡ ಮೇಲೆ, ಬಿಳಿಮರದ ಸಣ್ಣ ತುದಿ ಕೆಳಗೆ.

ಇನ್ಸ್‌ಪೆಕ್ಟರಮ್ಮ ಫೈಲಿನಿಂದ ಒಂದು ಫೋಟೊ ತೆಗೆದಳು. ಆವತ್ತಿನ ಗೋಡೆ, ಆವತ್ತಿನ ಕೋಲು. ಅದನ್ನು ನೂರು ಸಲ ನೋಡಿದ್ದಳು. ನೋಡಿದ್ದಳು ಅಷ್ಟೆ.

"ನೀವು ಯಾವಾಗಲೂ ಹೀಗೇ ಹಾಕೋದಾ ಮಾಮ? ಬುಡ ಮೇಲೆ ಮಾಡಿ?" ಸುಮ್ಮನೆ ಕುತೂಹಲಕ್ಕೆ ಕೇಳುವ ಹಾಗೆ ಕೇಳಿದಳು.

"ಹಾಗೇ ಹಾಕಬೇಕು." ಮುದುಕನ ದನಿಗೆ ಮತ್ತೆ ಜೀವ ಬಂತು. "ಪಾಲಿಶ್ ಹಚ್ಚೋದು ಬುಡಕ್ಕೆ. ಬುಡ ಕೆಳಗೆ ಮಾಡಿದ್ರೆ ಹಸಿ ಪಾಲಿಶ್ ಇಳಿದು ಅಂಚಲ್ಲಿ ಹನಿ ನಿಂತು ಗಂಟು ಕಟ್ಟತ್ತೆ. ಅದನ್ನ ಕೆರೆದು ತೆಗೆಯೋದು ಯಾರಪ್ಪನ ಕೈಲೂ ಆಗಲ್ಲ. ಪಾಲಿಶ್‌ನವರು ಹೀಗೆ. ಮರದ ಕೆಲಸದವರು ಉಲ್ಟಾ, ತುದಿ ಮೇಲೆ ಕಟ್ತಾರೆ. ಭಾರ ಕೆಳಗೆ ಜಗ್ಗಿದ್ರೆ ಕೋಲು ನೆಟ್ಟಗೆ ನಿಲ್ಲತ್ತೆ ಅಂತ. ಈ ಗೋಡೆ ನೋಡಿದ್ರೆ ಸಾಕು ಮೇಡಂ, ಕೊನೇಲಿ ಯಾರ ಕೈ ಮುಟ್ಟಿದೆ ಅಂತ ನಾನು..."

ಅಲ್ಲಿಗೆ ನಿಂತ.

ಅವಳು ಫೋಟೊವನ್ನು ಅವನ ಮುಖದ ಮುಂದೆ ಹಿಡಿದಿದ್ದಳು. ಅದರಲ್ಲಿ ಸಣ್ಣ ತುದಿ ಮೇಲಿತ್ತು. ರಕ್ತ ಮೆತ್ತಿದ ಕರಿ ಬುಡ ಕೆಳಗೆ ಇಳಿಬಿದ್ದಿತ್ತು.

ಪಾಲಿಶ್ ಮಾಮನ ಮುಖದಲ್ಲಿದ್ದ ಹೆಮ್ಮೆ ಇಳಿದುಹೋಯಿತು. ಪಾಪ, ಅವನ ಕಸುಬಿನ ಮಾತೇ ಅವನನ್ನು ಹಿಡಿದುಕೊಟ್ಟಿತ್ತು.

"ಮರದ ಕೆಲಸದವರು ಅಂದ್ರೆ ಯಾರು ಮಾಮ, ಈ ಮನೇಲಿ?"

"ಮೇಸ್ತ್ರಿ."

"ಮೇಸ್ತ್ರಿ ನೆಲದ ಮೇಲೆ ಬಿದ್ದಿದ್ರು. ಇನ್ನು ಯಾರು?"

ಮುದುಕ ಇಕ್ಕಳದಲ್ಲಿದ್ದ ಕೋಲಿನ ಕಡೆ ನೋಡಿದ.

"ಈ ನಾಲ್ಕು ನಾಲಿಗೆ ಕೂಡಿಸಿದವರು ಯಾರು? ನೀವಲ್ಲ. ನೀವು ಬಣ್ಣ ಬಳಿಯೋರು. ಮೇಸ್ತ್ರಿ ಬಿಚ್ಚಿ ನೋಡಿದ್ದು ಅಂಟನ್ನಷ್ಟೇ ಅಲ್ಲ, ಅಲ್ವಾ? ಕೈ ಗುರುತು. ತಾವೇ ಕಲಿಸಿಕೊಟ್ಟ ಕೈ ಗುರುತು."

"ಒಂಬತ್ತು ವರ್ಷದವಳಿದ್ದಾಗ ಈ ಕಟ್ಟೆ ಮೇಲೆ ಕೂತು ಕಲಿತಳು." ಮುದುಕ ಪಿಸುಗುಟ್ಟಿದ. "ನನ್ನ ಹೆಗಲ ಮೇಲೆ ಕೂತು ಕೋಲು ನೇತುಹಾಕೋಳು. ಪಟ್ಟಿ ಎಟುಕ್ತಿರಲಿಲ್ಲ ಅವಳಿಗೆ. ಅಪ್ಪನ ಹಾಗೇ ತುದಿ ಮೇಲೆ ಮಾಡಿ..."

ಮಗಳು! ಮೂರು ದಿನದಿಂದ ಹಗಲೆಲ್ಲ ಅಪ್ಪನ ಮಂಚದ ಪಕ್ಕ ಕೂತಿದ್ದ ಮಗಳು. ಊಟ ಮಾಡಮ್ಮ ಎಂದು ತಾನೇ ಬೆನ್ನು ಸವರಿ ಹೇಳಿದ್ದ ಮಗಳು.

"ಮೀಸೆ, ಗಾಡಿ ತೆಗಿ!"

ಅವಳು ಬಾಗಿಲಿಗೆ ತಿರುಗುವಷ್ಟರಲ್ಲಿ ಪಾಲಿಶ್ ಮಾಮ ಒಲೆಯ ಹತ್ತಿರ ಇದ್ದ.

ಅಂಟಿನ ಪಾತ್ರೆ ಗಾಳಿಯಲ್ಲಿ ಬಂತು. ಮೀಸೆ ತೋಳು ಅಡ್ಡ ಕೊಟ್ಟ. ಕುದಿಯುವ ಅಂಟು ಮೊಣಕೈಯಿಂದ ಮುಂಗೈವರೆಗೆ ಮೆತ್ತಿಕೊಂಡಿತು. ನೀರಾಗಿದ್ದರೆ ಇಳಿದುಹೋಗುತ್ತಿತ್ತು, ಇದು ಇಳಿಯಲಿಲ್ಲ. ಆ ದೊಡ್ಡ ಮನುಷ್ಯ ಬಾಯಿ ತೆರೆದ, ದನಿ ಹೊರಡಲಿಲ್ಲ. ಮಂಡಿಯೂರಿ ಕೂತು, ಅಂಗಿಯ ತೋಳು ಕಿತ್ತೆಸೆಯಲು ಹೋಗಿ, ತೋಳಿನ ಜತೆ ಚರ್ಮವೂ ಬಂದಾಗ ಕೂಗಿಕೊಂಡ.

ಪಾಲಿಶ್ ಮಾಮ ಬಾಗಿಲಿಗೆ ಅಗುಳಿ ಹಾಕಿ ಬೆನ್ನು ಕೊಟ್ಟು ನಿಂತಿದ್ದ. ಕೈಯಲ್ಲಿ ಇನ್ನೂ ಕೀಸದ ಕರಿಮರದ ತುಂಡು, ಮೊಳದುದ್ದದ್ದು.

"ಹತ್ತು ನಿಮಿಷ ಮೇಡಂ. ನಿಮ್ಮ ಕಾಲಿಗೆ ಬೀಳ್ತೀನಿ. ಹತ್ತೇ ನಿಮಿಷ ಇಲ್ಲೇ ಇರಿ."

"ಪಕ್ಕಕ್ಕೆ ಬನ್ನಿ ಮಾಮ."

"ಬರಲ್ಲ."

"ಬನ್ನಿ ಅಂದೆ!"

ಅವಳು ಹೆಜ್ಜೆ ಮುಂದಿಟ್ಟಳು. ಕರಿಮರ ಬೀಸಿ ಬಂತು. ತಲೆ ತಪ್ಪಿಸಿದಳು, ಬಲ ಹೆಗಲು ತಪ್ಪಲಿಲ್ಲ. ಮೂಳೆ ಕಟಕ್ಕೆಂದದ್ದು ಅವಳಿಗೇ ಕೇಳಿಸಿತು. ಕಣ್ಣು ಕತ್ತಲೆಗಟ್ಟಿ ಕಟ್ಟೆಯ ಮೇಲೆ ಒರಗಿದಳು. ಎರಡನೆಯ ಏಟು ಅವಳ ತಲೆಯಿದ್ದ ಜಾಗಕ್ಕೆ ಬಿದ್ದು ಕಟ್ಟೆಯ ಅಂಚು ಸಿಡಿಯಿತು. ಈ ಮುದುಕ ಹೆದರಿಸುತ್ತಿಲ್ಲ, ಕೊಂದೇ ಬಿಡುತ್ತಾನೆ ಎಂದು ಆಗ ಅವಳಿಗೆ ಅರ್ಥವಾಯಿತು.

ಮುಂದಿನ ಅಂಗಡಿಯಿಂದ ಅಳಿಯ ಬಾಗಿಲು ಬಡಿಯುತ್ತಿದ್ದ. "ಮೇಡಂ! ಏನಾಯ್ತು? ಮೇಡಂ!"

ತಡಕಾಡಿದ ಎಡಗೈಗೆ ಮರದ ಕೊಡತಿ ಸಿಕ್ಕಿತು, ಉಳಿಯ ತಲೆಗೆ ಹೊಡೆಯುವಂಥದ್ದು. ಮೂರನೆಯ ಏಟಿಗೆ ಕರಿಮರ ಮೇಲೇಳುತ್ತಿದ್ದಾಗ ಅವಳು ಕೊಡತಿಯನ್ನು ಇದ್ದ ಶಕ್ತಿಯೆಲ್ಲ ಹಾಕಿ ಅವನ ಮುಷ್ಟಿಗೆ ಹೊಡೆದಳು.

ಬೆರಳುಗಳು ಮುರಿದವು. ಕರಿಮರ ಬಿತ್ತು. ಅವಳು ಬಿಡಲಿಲ್ಲ, ಎಡ ಭುಜದಿಂದ ಅವನನ್ನು ಗುದ್ದಿ ಬಾಗಿಲಿಗೆ ಅಪ್ಪಳಿಸಿದಳು. ಅವನ ತಲೆ ಅಗುಳಿಗೆ ಬಡಿಯಿತು, ಕಾಲು ಕುಸಿಯಿತು. ಒಂದೇ ಕೈಯಿಂದ ಅವನ ಕೊರಳಪಟ್ಟಿ ಹಿಡಿದು ನೆಲಕ್ಕೆ ಒತ್ತಿ, ಎದೆಯ ಮೇಲೆ ಮೊಣಕಾಲು ಊರಿದಳು.

ಅವನು ತನ್ನ ಬಲಗೈಯನ್ನೇ ನೋಡುತ್ತಿದ್ದ. ಮೂವತ್ತನಾಲ್ಕು ವರ್ಷ ಕರಿಮರಕ್ಕೆ ಕನ್ನಡಿಯ ಹೊಳಪು ಕೊಟ್ಟ ಕೈ. ಮೂರು ಬೆರಳು ಬೇರೆ ದಿಕ್ಕಿಗೆ ತಿರುಗಿದ್ದವು. ಇನ್ಸ್‌ಪೆಕ್ಟರಮ್ಮನಿಗೆ ಅಳು ಬಂತು, ತನ್ನ ಹೆಗಲಿನ ನೋವಿಗೋ ಆ ಬೆರಳುಗಳಿಗೋ ಅವಳಿಗೇ ತಿಳಿಯಲಿಲ್ಲ.

"ಯಾಕೆ ಹತ್ತು ನಿಮಿಷ? ಹೇಳಿ!"

"ಹನ್ನೊಂದೂವರೆ ಬಸ್ಸು." ಮುದುಕ ಗಡಿಯಾರದ ಕಡೆ ಕಣ್ಣು ಹಾಯಿಸಿದ. "ಬೆಳಿಗ್ಗೆ ಬಂದು ನನ್ನ ಕಾಲು ಹಿಡ್ಕೊಂಡಳು. ಸಿಟ್ಟಲ್ಲಿ ಕೈ ಎತ್ತಿಬಿಟ್ಟೆ ಮಾಮ, ಅಪ್ಪ ಎದ್ರೆ ನನ್ನ ಗತಿ ಮುಗೀತು, ಹನ್ನೊಂದೂವರೆ ಬಸ್ಸಿಗೆ ಊರು ಬಿಡ್ತೀನಿ, ಅಲ್ಲೀವರೆಗೂ ಪೊಲೀಸರು ಬಂದ್ರೆ ಹಿಡಿದಿಟ್ಕೋ ಅಂದಳು. ಹೋಗಲಿ ಬಿಡಿ ಮೇಡಂ. ನಾನಿದ್ದೀನಲ್ಲ, ನನ್ನ ಒಳಗೆ ಹಾಕಿ. ಇನ್ನು ಎಷ್ಟು ದಿನ ಬದುಕ್ತೀನಿ ನಾನು."

"ಯಾವ ಬಸ್ಸು?"

ಕೇಳಿದ್ದು ಮೀಸೆ. ಗೋಡೆಗೆ ಒರಗಿ ಕೂತಿದ್ದ, ಸುಟ್ಟ ತೋಳನ್ನು ಎದೆಗೆ ಅವಚಿಕೊಂಡು. ತುಟಿ ಬೆಳ್ಳಗಾಗಿತ್ತು.

"ಅವರು ಬಸ್ಸಿಗೆ ಎಲ್ಲಿ ಹೋಗ್ತಾರೆ? ಆಸ್ಪತ್ರೇಲಿದ್ದಾರೆ. ನಾನೇ ಕೋಣೆ ಒಳಗೆ ಬಿಟ್ಟು ಬಂದೆನಲ್ಲ ಮೇಡಂ, ನೀವು ಕರೆದಾಗ. ಬೆಳಿಗ್ಗೆ ಮನೆಗೆ ಹೋಗಿ ಬರುವಾಗ ಉದ್ದದ ಚೀಲ ಒಂದು ತಂದಿದ್ರು. ಬಿಚ್ಚಿಸಿ ನೋಡ್ದೆ, ಅಪ್ಪನ ಕೋಲಂತೆ. ಕೈಗೆ ಮುಟ್ಟಿಸಿದ್ರೆ ಎಚ್ಚರ ಆಗಬಹುದು ಅಂತ ಕಣ್ಣೀರು ಹಾಕಿದ್ರು. ನಾನೂ ಹೆಣ್ಣುಮಕ್ಕಳ ಅಪ್ಪ. ಹೂಂ ಅಂದೆ."

ಪಾಲಿಶ್ ಮಾಮನ ಕಣ್ಣು ಅಗಲವಾಯಿತು. "ಆಸ್ಪತ್ರೆಗಾ?" ಎಂದ. "ಇಲ್ಲ. ಇಲ್ಲ, ಬಸ್ಸಿಗೆ ಅಂದಳು. ನನ್ನ ತಲೆ ಮೇಲೆ ಕೈಯಿಟ್ಟು ಅಂದಳು." ಆಮೇಲೆ ಅವನಿಗೆ ಅರ್ಥವಾಯಿತು. ಗಾಯಗೊಂಡ ಪ್ರಾಣಿಯ ದನಿಯೊಂದು ಅವನ ಗಂಟಲಿಂದ ಬಂತು. "ಮೇಸ್ತ್ರೀ!"

ಅವಳು ಆಗಲೇ ಎಡಗೈಯಲ್ಲಿ ಫೋನ್ ಒತ್ತುತ್ತಿದ್ದಳು. ಬಲಗೈ ಎತ್ತಲು ಬರುತ್ತಿರಲಿಲ್ಲ. ಮೂರು ರಿಂಗು. ನಾಲ್ಕು. ಐದು.

"ವಾರ್ಡು." ನರ್ಸಿನ ಬೇಸರದ ದನಿ. ಇದೇ ನರ್ಸು ನಿನ್ನೆ ಮೊನ್ನೆ ಎರಡು ದಿನವೂ ತಕರಾರು ಮಾಡಿದ್ದಳು. ಬಾಯಿಗೆ ಹನಿ ನೀರು ಹೋಗದ ರೋಗಿಯ ಪಕ್ಕದಲ್ಲಿಟ್ಟ ಲೋಟ ಬೆಳಗಾಗುವಷ್ಟರಲ್ಲಿ ಖಾಲಿಯಾಗುತ್ತದೆ, ನಿಮ್ಮ ಕಾನ್‌ಸ್ಟೆಬಲ್ಲಿಗೆ ಬೇರೆ ನೀರು ಸಿಗುವುದಿಲ್ಲವೇ ಎಂದಿದ್ದಳು. ನಾನು ಕುಡಿದಿಲ್ಲ ಎಂದು ಮೀಸೆ ದೇವರಾಣೆ ಇಟ್ಟಿದ್ದ. ಎಲ್ಲರೂ ನಕ್ಕಿದ್ದರು.

"ಮೇಸ್ತ್ರಿ ಕೋಣೆಗೆ ಓಡಿ. ಈಗಲೇ. ಫೋನ್ ಇಡಬೇಡಿ."

ಚಪ್ಪಲಿಯ ಸದ್ದು. ಬಾಗಿಲು ತಳ್ಳಿದ ಸದ್ದು.

"ಒಳಗಿಂದ ಚಿಲಕ ಹಾಕಿದೆ ಮೇಡಂ."

"ಬಾಗಿಲಲ್ಲಿ ಗಾಜಿದೆಯಲ್ಲ, ನೋಡಿ. ಏನು ಕಾಣ್ತಿದೆ ಹೇಳಿ."

"ಮಂಚ..." ನರ್ಸಿನ ದನಿಯಲ್ಲಿ ಬೇಸರ ಹೋಗಿತ್ತು. "ಮಂಚ ಖಾಲಿ ಇದೆ ಮೇಡಂ. ಸೂಜಿ ಕಿತ್ತು ಬಿದ್ದಿದೆ. ಅಯ್ಯೋ, ನೆಲದ ಮೇಲೆ ಯಾರೋ ಬಿದ್ದಿದ್ದಾರೆ. ಮಂಚದ ಆಚೆ ಪಕ್ಕ. ಅಲುಗಾಡ್ತಿಲ್ಲ."

"ಯಾರು?"

"ಗೊತ್ತಾಗ್ತಿಲ್ಲ. ಮೇಲೆ ಹೊದಿಕೆ ಬಿದ್ದಿದೆ. ರಕ್ತ ಇದೆ ಮೇಡಂ, ತುಂಬಾ ಇದೆ."

"ಇನ್ನೊಬ್ಬರು ಎಲ್ಲಿ?"

"ಕಾಣ್ತಿಲ್ಲ. ಬಾಗಿಲ ಮೂಲೇಲಿರಬೇಕು. ಮತ್ತೆ ಸಲೈನ್ ಕಂಬಕ್ಕೆ ಏನೋ ಕೋಲು ನೇತುಹಾಕಿದ್ದಾರೆ. ಬ್ಯಾಂಡೇಜಿನಲ್ಲಿ ಕಟ್ಟಿ."

ಇನ್ಸ್‌ಪೆಕ್ಟರಮ್ಮ ಫೋನನ್ನು ಕಿವಿಗೆ ಒತ್ತಿ ಹಿಡಿದಳು. "ಹೇಗೆ ಕಟ್ಟಿದ್ದಾರೆ? ಯಾವ ಕಡೆ ಮೇಲಿದೆ?"

"ಸಣ್ಣ ತುದಿ ಮೇಲಿದೆ. ದಪ್ಪದ್ದು ಕೆಳಗೆ. ಅದರಿಂದ ತೊಟ್ಟಿಕ್ತಿದೆ ಮೇಡಂ."

ಹಾಗೆ ನೇತುಹಾಕುವ ಕೈಗಳು ಎರಡೇ. ಒಂದು ಕಲಿಸಿದ್ದು, ಒಂದು ಕಲಿತದ್ದು. ಎರಡೂ ಆ ಕೋಣೆಯೊಳಗಿದ್ದವು. ಎರಡು ರಾತ್ರಿ ಖಾಲಿಯಾದ ನೀರಿನ ಲೋಟ ಅವಳ ಕಣ್ಣ ಮುಂದೆ ಬಂತು. ಮೇಸ್ತ್ರಿ ಎಂದಿನಿಂದ ಎಚ್ಚರವಾಗಿದ್ದರು? ಕಣ್ಣು ಮುಚ್ಚಿಕೊಂಡು ಯಾರಿಗಾಗಿ ಕಾಯುತ್ತಿದ್ದರು?

ನೆಲದ ಮೇಲಿಂದ ಪಾಲಿಶ್ ಮಾಮ ಮುರಿದ ಕೈಯಲ್ಲೇ ಅವಳ ಕಾಲು ಹಿಡಿದುಕೊಂಡಿದ್ದ. "ಯಾರು ಬಿದ್ದಿರೋದು? ಮೇಡಂ, ಯಾರು ಬಿದ್ದಿರೋದು ಹೇಳಿ!"

ಫೋನಿನಲ್ಲಿ ನರ್ಸಿನ ಉಸಿರು ಕೇಳಿಸುತ್ತಿತ್ತು. ಆಮೇಲೆ ಅದೂ ನಿಂತಿತು.

"ಮೇಡಂ," ಎಂದಳು ನರ್ಸು, ಕೇಳಿಸಿಯೂ ಕೇಳಿಸದ ಹಾಗೆ. "ಒಳಗಿಂದ ಚಿಲಕ ತೆಗೀತಿದ್ದಾರೆ."